ಬರೀ ಕಾರ್ ಶೆಡ್ ತಾನೆ ಅನ್ನೋರಿಗೆ

ಮನೆಗೆ ಅಂಟಿಸದೆ ಬೇರೆಯಾಗಿ ಒಂದು ಗ್ಯಾರೇಜ್ ಕಟ್ತೀವಿ ಅಂದ್ರೆ ಎಲ್ಲರದೂ ಒಂದೇ ಮಾತು, ಕಾರ್ ನಿಲ್ಸೋ ಶೆಡ್ ತಾನೆ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರ ಅಂತ. ಅರ್ಧ ಕೆಲಸ ಕೈಯಾರೆ ಮಾಡಿ ಮುಗಿಸಿದ ಮೇಲೆ ಹೇಳ್ತಿದೀನಿ, ಮನೆಯ ಒಂದು ರೂಮಿಗಿಂತ ಇದೇ ಕಷ್ಟ. ರೂಮಿಗೆ ಅಕ್ಕಪಕ್ಕದ ಗೋಡೆಗಳ ಆಸರೆ ಇರತ್ತೆ, ಗ್ಯಾರೇಜಿಗೆ ಒಳಗೋಡೆನೇ ಇಲ್ಲ, ಮುಂದಿನ ಗೋಡೆ ಅನ್ನೋದಂತೂ ಮೂರರಲ್ಲಿ ಎರಡು ಪಾಲು ಬರೀ ಬಾಗಿಲು.

ನಮ್ಮದು 24 ಅಡಿಗೆ 24 ಅಡಿ, ಕೆಳಗೆ ಕಾಂಕ್ರೀಟ್ ಮೇಲೆ ಮರದ ಫ್ರೇಮ್. ನೀರು ಹೊರಗೆ ಹೋಗ್ಲಿ ಅಂತ ನೆಲಕ್ಕೆ ಬಾಗಿಲ ಕಡೆ ಒಟ್ಟು 3 ಇಂಚು ಇಳಿಜಾರು ಕೊಟ್ವಿ, ಗೋಡೆ ಮಾತ್ರ ಮಟ್ಟವಾಗಿ ಕೂರ್ಬೇಕಲ್ಲ, ಅದಕ್ಕೆ ಸುತ್ತಲೂ ಸಣ್ಣ ಕಾಂಕ್ರೀಟ್ ಕಟ್ಟೆ ಎಬ್ಬಿಸಿದ್ವಿ, ಮರಕ್ಕೆ ನೆಲದ ತೇವನೂ ತಾಗಲ್ಲ. ಅಷ್ಟು ಯೋಚ್ನೆ ಮಾಡಿದವರು ಗೂಟ ಹೊಡೆದು ದಾರ ಕಟ್ಟಿದಾಗ ನಾಲ್ಕೂ ಬದಿ ಅಳೆದು, 24 ಸರಿಯಾಗಿದೆ ಅಂತ ಕಾಂಕ್ರೀಟ್ ಹಾಕಿಸಿಬಿಟ್ವಿ. ಮೂಲೆಯಿಂದ ಮೂಲೆಗೆ ಟೇಪ್ ಹಿಡೀಲೇ ಇಲ್ಲ!

ನಾಲ್ಕೂ ಬದಿ ಸಮ ಇದ್ರೂ ಆಕಾರ ಓರೆ ಆಗಿರಬಹುದು. ಎರಡೂ ಕರ್ಣ 33 ಅಡಿ 11 ಕಾಲು ಇಂಚು ಬರ್ಬೇಕು. ಗೋಡೆಯ ಅಡಿಪಟ್ಟಿ, ಅಂದ್ರೆ ಕಟ್ಟೆ ಮೇಲೆ ಮಲಗಿಸೋ ಮರ, ಹಾಕೋ ದಿನ ಅಳೆದ್ರೆ ಒಂದಕ್ಕೂ ಇನ್ನೊಂದಕ್ಕೂ 2 ಇಂಚು ಫರಕು, ಅಂದ್ರೆ ಹಿಂದಿನ ಬದಿ ಪೂರ್ತಿ ಹತ್ತತ್ರ ಒಂದೂವರೆ ಇಂಚು ಪಕ್ಕಕ್ಕೆ ಸರಿದಿದೆ. ಅಷ್ಟೇ ತಾನೆ ಅನ್ಬೇಡಿ. ಫ್ರೇಮ್ ಮೇಲೆ ಹೊಡೆಯೋ ಪ್ಲೈವುಡ್ ಶೀಟ್ ಮೂಲೆಮಟ್ಟವಾಗೇ ಬರತ್ತೆ, ಓರೆ ಫ್ರೇಮಿಗೆ ಅದು ಕೂರಲ್ಲ, ಛಾವಣಿ ತಲುಪೋ ಹೊತ್ತಿಗೆ ಶೀಟಿನ ಅಂಚು ಮರದ ಮಧ್ಯಕ್ಕೆ ಬೀಳದೆ ಮೊಳೆ ಹೊಡೆಯೋಕೂ ಜಾಗ ಇರಲ್ಲ.

ಕೊನೆಗೆ ಕಾಂಕ್ರೀಟಿನ ಅಂಚನ್ನ ನಂಬೋದು ಬಿಟ್ಟು ಕಟ್ಟೆ ಮೇಲೆ ಚಾಕ್ ದಾರ ಹೊಡೆದು ಹೊಸದಾಗಿ ಚೌಕ ಬರೆದ್ವಿ, ಮೂಲೆಯಿಂದ ಒಂದು ಬದಿ 9 ಅಡಿ, ಇನ್ನೊಂದು 12, ಆ ಎರಡು ಗುರುತುಗಳ ನಡುವೆ ಕರೆಕ್ಟಾಗಿ 15 ಬಂದ್ರೆ ಮೂಲೆ ಸರಿ. ಆದ್ರೆ ಅಡಿಪಟ್ಟಿನ ಕಾಂಕ್ರೀಟಿಗೆ ಬಿಗಿಯೋ ಆಂಕರ್ ಬೋಲ್ಟ್‌ಗಳು ಆಗ್ಲೇ ಕಾಂಕ್ರೀಟಲ್ಲಿ ಗಟ್ಟಿಯಾಗಿ ನಿಂತಿವೆಯಲ್ಲ, ಅಡಿಪಟ್ಟಿ ಸರಿಸಿದ ಮೇಲೆ ಕೆಲವು ಅಂಚಿಗೆ ಬಂದ್ವು, ಒಂದಂತೂ ಸೀದಾ ಕಂಬದ ಬುಡಕ್ಕೇ ಬಂತು. ಅದನ್ನ ಕತ್ತರಿಸಿ, ಪಕ್ಕದಲ್ಲಿ ತೂತು ಕೊರೆದು, ಒಳಗಿನ ಧೂಳೆಲ್ಲ ಊದಿ ತೆಗೆದು, ಎಪಾಕ್ಸಿ ಅಂಟು ತುಂಬಿ ಹೊಸ ರಾಡ್ ಕೂರಿಸೋಕೆ ಅರ್ಧ ದಿನ ಹೋಯ್ತು. ಬೋಲ್ಟಿಗೆ ಸಾಮಾನ್ಯ ಲೆಕ್ಕ 6 ಅಡಿಗೊಂದು, ಪ್ರತಿ ಪಟ್ಟಿಯ ತುದಿಯಿಂದ 1 ಅಡಿಯೊಳಗೆ ಒಂದು, ಆದ್ರೆ ಕಂಬ ಎಲ್ಲೆಲ್ಲಿ ಬರತ್ತೆ ಅಂತ ಮೊದಲು ಗುರುತು ಹಾಕ್ಕೊಳ್ಳದೆ ಆ ಲೆಕ್ಕ ಹಿಡಿದ್ರೆ ಉಪಯೋಗ ಇಲ್ಲ.

ಮಣ್ಣು ತುಂಬಿ ದಮ್ಮಸ್ ಹೊಡೆಯೋದು, ಕ್ಯೂರಿಂಗ್, ಇವೆಲ್ಲ ಗೊತ್ತಿರೋ ಕೆಲಸ, ಅವಸರ ಮಾಡದಿದ್ರೆ ಆಯ್ತು.

ನನಗೆ ನಿಜವಾಗ್ಲೂ ಭಯ ಆಗಿದ್ದು ಬಾಗಿಲ ಗೋಡೆ ನಿಲ್ಸಿದಾಗ. 16 ಅಡಿ ಬಾಗಿಲು, ಆಚೆ ಈಚೆ ನಾಲ್ಕು ನಾಲ್ಕೇ ಅಡಿ ಗೋಡೆ. ಮೇಲಿನ ತೊಲೆ ಛಾವಣಿ ಭಾರ ಹೊರತ್ತೆ, ಆದ್ರೆ ಪಕ್ಕದಿಂದ ಗಾಳಿ ತಳ್ಳಿದ್ರೆ ತೊಲೆ ಒಂದೇ ಏನೂ ಮಾಡಕ್ಕಾಗಲ್ಲ. ಏಣಿ ಮೇಲೆ ನಿಂತು ಮೂಲೆ ಕಂಬದ ತಲೆಗೆ ಕೈಯಿಟ್ಟು ಮೆಲ್ಲಗೆ ತಳ್ದೆ, ಇಡೀ ಗೋಡೆ ಕಿರ್ ಅಂತ ಅಂಗೈಯಗಲ ಆಚೆ ಹೋಗಿ ವಾಪಸ್ ಬಂತು. ತಕ್ಷಣ ಓರೆ ಪಟ್ಟಿ ಹೊಡೆದು ನಿಲ್ಸಿದ್ವಿ. ಆಮೇಲೆ ಆ ಎರಡು ಸಣ್ಣ ಗೋಡೆಗಳಿಗೆ ಕೆಳಗಿನಿಂದ ತೊಲೆ ಮುಚ್ಚೋವರೆಗೂ ಒಂದೇ ಉದ್ದನೆ ಪ್ಲೈವುಡ್, ಅಂಚಿಗೆಲ್ಲ ಒತ್ತೊತ್ತಾಗಿ ಮೊಳೆ, ಬುಡದಲ್ಲಿ ಕಂಬನ ಪಾಯಕ್ಕೆ ಕಟ್ಟಿಹಾಕೋ ಕಬ್ಬಿಣದ ಪಟ್ಟಿ. ಸಂಜೆ ಅದೇ ಏಣಿ ಹತ್ತಿ ಅದೇ ಜಾಗದಲ್ಲಿ ಮೈಭಾರ ಪೂರ್ತಿ ಹಾಕಿ ತಳ್ದೆ, ಏಣಿ ಅಲ್ಲಾಡ್ತು, ಗೋಡೆ ಕದಲ್ಲಿಲ್ಲ.