ರಸ್ತೆ ಬಿಟ್ಟು ಓಡೋ ಗಾಡಿ

ಕೊಪ್ಪದ ಕಡೆ ನಮ್ಮೂರ ಮನೆಗೂ ಟಾರ್ ರಸ್ತೆಗೂ ಮಧ್ಯ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಬೇಸಿಗೇಲಿ ಅದು ದಾರಿ, ಮಳೆಗಾಲದಲ್ಲಿ ಅದು ದಾರಿಯೋ ಹಳ್ಳವೋ ಅಂತ ಹರಿಯೋ ನೀರಿಗೇ ಗೊತ್ತಿರಲ್ಲ. ಚಿಕ್ಕವನಿದ್ದಾಗ ಚಪ್ಪಲಿ ಕೈಲಿ ಹಿಡ್ಕೊಂಡು, ಕಾಲಿಗೆ ಹತ್ತಿದ ಇಂಬಳ ಕಿತ್ಕೊಂಡು ಅದೇ ದಾರೀಲಿ ಸ್ಕೂಲಿಗೆ ಹೋಗಿ, ಇದರ ಸಹವಾಸವೇ ಬೇಡಪ್ಪಾ ಅಂತ ಬೆಂಗಳೂರು ಸೇರಿದವನು ನಾನು. ಈಗ ನಲವತ್ತೆರಡನೇ ವಯಸ್ಸಲ್ಲಿ ರಾತ್ರಿ ಒಂದು ಗಂಟೆವರೆಗೂ ಯೂಟ್ಯೂಬ್ ನೋಡ್ತಾ ಕೂತಿರ್ತೀನಿ, ಅಮೆರಿಕದಲ್ಲಿ ಯಾರೋ ಹಳೇ ಟೊಯೊಟಾ ಟಕೋಮಾ ಪಿಕಪ್ ತಗೊಂಡು ಅದಕ್ಕೆ ದಪ್ಪ ಟೈರು ಹಾಕಿ ಎತ್ತರ ಮಾಡಿ ಯೂಟಾದ ಬಂಡೆಗಳ ಮೇಲೆ ಹತ್ತಿಸ್ತಿರ್ತಾನೆ, ನಾನಿಲ್ಲಿ ಹಾಸಿಗೆ ಮೇಲೆ ಕ್ಲಚ್ ತುಳೀತಿರ್ತೀನಿ.

ಒಂದಿನ ಧೈರ್ಯ ಮಾಡಿ ಫೋನಲ್ಲಿ ಅಪ್ಪಯ್ಯನಿಗೆ ಹೇಳ್ದೆ, ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡು ಆಫ್ ರೋಡಿಗೆ ರೆಡಿ ಮಾಡಿಸ್ತೀನಿ ಅಂತ.

"ಆಫ್ ರೋಡ್ ಅಂದ್ರೆ ಎಂತ?"

"ರಸ್ತೆ ಇಲ್ಲದ ಕಡೆ ಗಾಡಿ ಓಡ್ಸೋದು ಅಪ್ಪಯ್ಯ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದನ್ನ ನಾವು ಮನೆಗೆ ಬರೋದು ಅಂತಿದ್ವಲ್ಲ ಮಾರಾಯ."

ಇಷ್ಟಕ್ಕೇ ನಿಲ್ಲಿಸಿದ್ರೆ ದುಡ್ಡು ಉಳೀತಿತ್ತು.

ಮೊದಲು ಕಣ್ಣು ಹೋಗಿದ್ದು ಇಸುಜು ವಿ-ಕ್ರಾಸ್ ಮೇಲೆ. 2016ರಲ್ಲಿ ಅದು ನಮ್ಮಲ್ಲಿ ಬಂದಾಗಿಂದ ಪಿಕಪ್ ಅಂದ್ರೆ ಬರೀ ಕೋಳಿ, ಸಿಲಿಂಡರ್ ಸಾಗಿಸೋ ಗಾಡಿ ಅಲ್ಲ, ಬಿಳಿ ಬೋರ್ಡ್ ಹಾಕ್ಕೊಂಡು ಮದುವೆಗೂ ಹೋಗಬಹುದು ಅಂತಾಯ್ತು. ಆದ್ರೆ ಸೆಕೆಂಡ್ ಹ್ಯಾಂಡಲ್ಲೂ ಅದರ ರೇಟು ಇಳಿಯಲ್ಲ ಮಾರಾಯ್ರೆ, ಇಟ್ಕೊಂಡೋರು ಬಿಡೋದೇ ಇಲ್ಲ. ಮೇಲಾಗಿ ಉದ್ದ ಸುಮಾರು 5.3 ಮೀಟರ್. ನಮ್ಮ ಅಪಾರ್ಟ್‌ಮೆಂಟಲ್ಲಿ ನನ್ನ ಪಾರ್ಕಿಂಗ್ ಜಾಗ ಸರಿಯಾಗಿ 5 ಮೀಟರ್. ನಮ್ಮನೆಯವಳು ಅಳತೆ ಟೇಪ್ ಹಿಡ್ಕೊಂಡು ಬಂದು ನಿಂತು, ಉಳಿದ ಒಂದಡಿ ಎಲ್ಲಿಡ್ತೀಯ, ಬಾಲ್ಕನೀಲಾ ಅಂದ್ಳು. ಟೊಯೊಟಾ ಹೈಲಕ್ಸ್ 2022ರಲ್ಲಿ ಬಂತಲ್ಲ, ಅದರ ರೇಟು ನೋಡಿ ಆ ಪೇಜನ್ನ ಹಾಗೇ ಮರ್ಯಾದೆಯಿಂದ ಮುಚ್ಚಿದೆ.

ಆಮೇಲೆ ಒಬ್ಬ ಬ್ರೋಕರ್ ಸಿಕ್ಕಿದ. ಆಗ ಡೆಲ್ಲೀಲಿ ಹಳೇ ಡೀಸೆಲ್ ಗಾಡಿ ಮೇಲಿನ ರೂಲು ಬಿಗಿಯಾಗಿತ್ತು. ಸಾರ್, ಡೆಲ್ಲಿ ಗಾಡಿ ತಗೊಳ್ಳಿ, ಅಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷ ಆದ್ರೆ ರೋಡಿಗಿಳಿಸಂಗಿಲ್ಲ, ಒಳ್ಳೊಳ್ಳೆ ಗಾಡಿ ನೀರಿನ ರೇಟಿಗೆ ಬರುತ್ತೆ ಅಂದ. ರೇಟ್ ಕೇಳಿ ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಎದ್ದು ಪೇಪರ್ ಪೆನ್ನು ತಗೊಂಡು ಲೆಕ್ಕ ಹಾಕ್ದೆ: ಅಲ್ಲಿಂದ ಎನ್‌ಒಸಿಗೆ ಫಾರ್ಮ್ 28, ಟ್ರಾನ್ಸ್‌ಫರಿಗೆ 29 ಮತ್ತು 30, ಲೋನ್ ಇದ್ರೆ 35, ಲಾರಿ ಮೇಲೆ ಹೇರ್ಕೊಂಡು ಬರೋ ಖರ್ಚು, ಇದೆಲ್ಲ ಆದ್ಮೇಲೆ ನಮ್ಮ ಕರ್ನಾಟಕದ ಲೈಫ್ ಟೈಮ್ ಟ್ಯಾಕ್ಸು. ಗಾಡಿಗಿಂತ ಅದು ಇಲ್ಲಿಯವನು ಅನ್ನಿಸ್ಕೊಳ್ಳೋದಕ್ಕೇ ಜಾಸ್ತಿ ಖರ್ಚು. ಬ್ರೋಕರಿಗೆ ಹೇಳ್ದೆ ಬೇಡ ಅಂತ. ಅವನು ಈಗ್ಲೂ ಪ್ರತಿ ಹಬ್ಬಕ್ಕೆ ಶುಭಾಶಯದ ಜೊತೆ ಒಂದು ಡೆಲ್ಲಿ ಗಾಡಿ ಫೋಟೋ ಕಳಿಸ್ತಾನೆ.

ಮೂರನೇದು ಟಾಟಾ ಝೆನಾನ್. ಹಿಂದಿನ ಬಾಗಿಲು, ಡಾಲಾ ಅಂತಾರಲ್ಲ, ಅದರ ಮೇಲೆ ದಪ್ಪಕ್ಷರದಲ್ಲಿ ಫೋರ್ ಬೈ ಫೋರ್ ಅಂತಿತ್ತು, ಅಂದ್ರೆ ಇಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗೋ ಗಾಡಿ. ಓನರು ಬಾನೆಟ್ ತೆಗೆದು ತೋರಿಸಿದ್ರು, ನಾನೂ ಯೂಟ್ಯೂಬಲ್ಲಿ ಕಲಿತಿದ್ದಂಗೆ ಆಯಿಲ್ ಹಾಕೋ ಮುಚ್ಚಳ ತೆಗೆದು ಹೊಗೆ ಉಗುಳುತ್ತಾ ಅಂತ ನೋಡ್ದೆ, ಆಯಿಲ್ ಅಳೆಯೋ ಡಿಪ್ ಸ್ಟಿಕ್ ಎಳೆದು ಬೆರಳಿಗೆ ಸವರಿ ಮೂಸಿದೆ (ಯಾಕೆ ಮೂಸಬೇಕು ಅಂತ ಗೊತ್ತಿಲ್ಲ, ಎಲ್ಲರೂ ಮೂಸ್ತಾರೆ), ಇನ್ನೇನು ಅಡ್ವಾನ್ಸ್ ಕೊಡ್ಬೇಕು, ಅಷ್ಟರಲ್ಲಿ ಫೋರ್ ವೀಲ್ ಹಾಕೋದು ಹೇಗೆ ಸಾರ್ ಅಂತ ಕೇಳ್ದೆ. ಅವರು ಡ್ಯಾಶ್‌ಬೋರ್ಡೆಲ್ಲ ಹುಡುಕಿದ್ರು. ಎಸಿ ಬಟನ್ ಒತ್ತಿದ್ರು. ಕೊನೆಗೆ ಒಳಗಿಂದ ಮಗ ಬಂದು ನಿಜ ಹೇಳ್ದ, ಅಂಕಲ್ ಅದು ಸ್ಟಿಕ್ಕರ್, ಜೆಸಿ ರೋಡಲ್ಲಿ ಹಾಕ್ಸಿದ್ದು, ಚೆನ್ನಾಗ್ ಕಾಣ್ಸುತ್ತೆ ಅಂತ.

ಅವತ್ತು ಒಂದು ವಿದ್ಯೆ ಕಲಿತೆ. ಸ್ಟಿಕ್ಕರ್ ನಂಬಬಾರದು, ನೆಲಕ್ಕೆ ಬೆನ್ನು ಹಾಕಿ ಮಲಗಿ ಗಾಡಿ ಅಡಿ ನೋಡಬೇಕು. ಮುಂದಿನ ಎರಡು ಚಕ್ರದ ಮಧ್ಯ ಎಳೆ ಹಲಸಿನಕಾಯಿ ಗಾತ್ರದ ಒಂದು ಕಬ್ಬಿಣದ ಉಂಡೆ ಇದ್ರೆ, ಮುಂದಿನ ಚಕ್ರಗಳಿಗೆ ಶಕ್ತಿ ಹಂಚೋದು, ಮೆಕ್ಯಾನಿಕ್ಕುಗಳು ಹೌಸಿಂಗ್ ಅಂತಾರಲ್ಲ ಅದು, ಅದಿದ್ರೆ ಅಸಲಿ ಫೋರ್ ವೀಲ್. ಇಷ್ಟು ಗೊತ್ತಾಗಿದ್ದೇ ತಡ ನಾನು ಆಫೀಸ್ ಕ್ಯಾಂಟೀನಲ್ಲಿ ಜನಕ್ಕೆ ಪಾಠ ಮಾಡೋಕೆ ಶುರು ಮಾಡ್ದೆ.

ಈ ಮಧ್ಯ ಬಿಲ್ಡ್ ಮಾಡ್ಸೋದಕ್ಕೆ ಅಂತ ಒಂದು ಎಕ್ಸೆಲ್ ಶೀಟ್ ರೆಡಿ ಮಾಡಿದ್ದೆ. ಎತ್ತರ ಮಾಡೋಕೆ ಲಿಫ್ಟ್ ಕಿಟ್, ದೊಡ್ಡ ಸೈಜ್ ಟೈರು, ನೀರಲ್ಲಿ ಇಂಜಿನ್ ಉಸಿರಾಡೋಕೆ ಸ್ನಾರ್ಕಲ್, ಮುಂದೆ ಅಡ್ಡ ಕಬ್ಬಿಣದ ಬುಲ್ ಬಾರ್, ಮೇಲೆ ಲೈಟ್ ಸಾಲು. ಲಾ ಓದಿದ ನಮ್ಮ ಭಾವನಿಗೆ ತೋರಿಸಿದೆ. ಆತ ಊಟ ಮಾಡ್ತಾನೇ ಒಂದೊಂದನ್ನೇ ಹೊಡೆದು ಹಾಕ್ದ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್, ಕಂಪನಿ ಕೊಟ್ಟ ಲೆಕ್ಕಕ್ಕಿಂತ ಬೇರೆ ಥರ ಗಾಡಿ ಬದಲಾಯಿಸಂಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಮಾರಾಯ. ಬುಲ್ ಬಾರ್ ಮೇಲೆ 2017ರಲ್ಲೇ ಕೇಂದ್ರ ಸರ್ಕಾರ ಗರಂ ಆಗಿದೆ. ಕೊನೆಗೆ ಶೀಟಲ್ಲಿ ಉಳಿದಿದ್ದು ಅದೇ ಸೈಜಿನ ಗಟ್ಟಿ ಟೈರು, ಸಿಕ್ಕಿಬಿದ್ದ ಗಾಡಿ ಎಳೆಯೋ ಟೋಚನ್ ಹಗ್ಗ, ಒಂದು ಹಾರೆ. ನಮ್ಮನೆಯವಳು ನೋಡಿ, ಹಾರೆ ಊರಲ್ಲೇ ಇದ್ಯಲ್ಲಾ ಅಂದ್ಳು.

ಅಂತೂ ನಾಲ್ಕನೇದು ಸಿಕ್ತು. ತೀರ್ಥಹಳ್ಳಿ ಕಡೆಯ ಒಬ್ಬರು ಗೌಡ್ರದ್ದು, ಮಹೀಂದ್ರ ಸ್ಕಾರ್ಪಿಯೋ ಗೆಟ್‌ಅವೇ, 2013ರ ಮಾಡೆಲ್, ಸಿಂಗಲ್ ಓನರ್, ಫೋರ್ ವೀಲ್. ನಾನು ಈ ಸಲ ಯಾರನ್ನೂ ಬಿಡಲಿಲ್ಲ. ಬೆಳಿಗ್ಗೆ ಆರಕ್ಕೇ ಹೋದೆ, ಯಾಕಂದ್ರೆ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡ್ಬೇಕು. ಚಾಸಿ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ, ಚಿಕ್ಕವರಿದ್ದಾಗ ನಾಲ್ಕಾಣೆ ಮೇಲೆ ಉಜ್ತಿದ್ವಲ್ಲ ಹಾಗೆ, ಅಚ್ಚು ತೆಗೆದು ಆರ್‌ಸಿ ಜೊತೆ ತಾಳೆ ನೋಡ್ದೆ. ಅಡಿಗೆ ಮಲಗಿ ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿ ಉದ್ದಕ್ಕೂ ಟಣ್ ಟಣ್ ಅಂತ ಕುಟ್ಟಿದೆ, ಎಲ್ಲಾದ್ರೂ ತುಕ್ಕು ತಿಂದಿದ್ರೆ ಸದ್ದು ದೊಬ್ ಅನ್ನುತ್ತೆ. ಗೌಡ್ರು ಕಾಫಿ ಲೋಟ ಹಿಡ್ಕೊಂಡು, ಹಲಸಿನ ಹಣ್ಣು ನೋಡಿದಂಗೆ ನೋಡ್ತೀರಲ್ಲ ಮಾರಾಯ್ರೆ ಅಂದ್ರು. ಮುಂದಿನ ಹೌಸಿಂಗ್ ಇತ್ತು! ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕ್ದೆ: "ನೋಡಿ, ಮುಂದಿನ ಹೌಸಿಂಗಲ್ಲಿ ಒಂದೇ ಒಂದು ಹನಿ ಆಯಿಲ್ ಲೀಕ್ ಇಲ್ಲ, ಹನ್ನೊಂದು ವರ್ಷದ ಗಾಡಿ!" ನಾಲ್ಕೂ ಚಿಲ್ಲರೆ ಲಕ್ಷಕ್ಕೆ ಮಾತಾಯ್ತು. ಗಾಡಿ ಊರಲ್ಲೇ ಇರ್ಲಿ ಅಂತ ತೀರ್ಮಾನ ಆಯ್ತು, ಯಾಕಂದ್ರೆ ಇದೂ ಐದು ಮೀಟರ್ ದಾಟುತ್ತೆ ಅಂತ ದುಡ್ಡು ಕೊಟ್ಟ ಮೇಲೆ ಅಳತೆ ಮಾಡಿದ್ದು.

ಜೂನ್ ಕೊನೆಗೆ ರಜೆ ಹಾಕಿ ಹೋದೆ. ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಕೊಪ್ಪದಿಂದ ಅಪ್ಪಯ್ಯನನ್ನೂ ಹತ್ತಿಸ್ಕೊಂಡು ಮಣ್ಣಿನ ದಾರಿ ಬಾಯಿಗೆ ಬಂದು ಗಾಡಿ ನಿಲ್ಲಿಸ್ದೆ. "ಈಗ ನೋಡಿ ಅಪ್ಪಯ್ಯ" ಅಂತ ಡ್ಯಾಶ್‌ಬೋರ್ಡಿನ ಗುಂಡಿ ತಿರುಗಿಸಿದೆ. ದೀಪ ಹತ್ತಿತು. ಆ ದೀಪ ನೋಡಿ ನನಗಾದ ಸಂತೋಷ ನಮ್ಮ ಮನೆಗೆ ಮೊದಲ ಸಲ ಕರೆಂಟ್ ಬಂದಾಗಲೂ ಆಗಿರಲಿಲ್ಲ. ಮೊದಲ ತಿರುವು ದಾಟಿತು. ಎರಡನೇದು ದಾಟಿತು. ಮೂರನೇದು ಕೊರಕಲು, ಅಲ್ಲಿ ಗಾಡಿ ಒಂದ್ಸಲ ಹೂಂಕರಿಸಿ ಪಕ್ಕಕ್ಕೆ ವಾಲಿ ನಿಂತುಬಿಡ್ತು. ಆಕ್ಸಿಲೇಟರ್ ಒತ್ತಿದಷ್ಟೂ ಸದ್ದು, ಕೆಂಪು ರಾಡಿ ಹಿಂದಕ್ಕೆ ಕಾರಂಜಿ.

ಅಪ್ಪಯ್ಯ ಕೊಡೆ ಬಿಚ್ಚಿ ಇಳಿದ್ರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನ್ನ ಕಿಟಕಿ ಹತ್ರ ಬಂದು, "ಹಿಂದಿನ ಎಡಗಡೆ ಚಕ್ರ ಒಂದೇ ತಿರುಗ್ತಿದೆ. ಮುಂದಿನವೆರಡೂ ಬೀಗರ ಥರ ಸುಮ್ನೆ ನಿಂತಿವೆ. ದುಡ್ಡು ನಾಲ್ಕು ಚಕ್ರಕ್ಕೂ ಕೊಟ್ಟಿದೀಯ?" ಅಂದ್ರು.

ಖಾಲಿ ಪಿಕಪ್ಪಿಗೆ ಹಿಂದೆ ಭಾರ ಇರಲ್ಲ, ಅದಕ್ಕೇ ಹಿಂದಿನ ಚಕ್ರ ಕಚ್ಚಲ್ಲ, ನಾಲ್ಕು ಮೂಟೆ ಗೊಬ್ಬರ ಹಾಕಿದ್ರೆ ಟೂ ವೀಲಲ್ಲೇ ಹತ್ತುತ್ತೆ ಅಂತ ಅವರೇ ಹೇಳಿದ್ರು. ಇದನ್ನ ಮೊದಲೇ ಹೇಳೋದಲ್ವಾ. ಅಷ್ಟೊತ್ತಿಗೆ ಮೇಲಿಂದ ಪಕ್ಕದ ತೋಟದವರ ಜೀಪು ಬಂತು, ನನಗಿಂತ ಎರಡು ವರ್ಷ ದೊಡ್ಡದು, ಚಕ್ರಕ್ಕೆ ಚೈನ್ ಕಟ್ಟಿದ್ರು, ಹಿಂದೆ ಅಡಿಕೆಗೆ ಕೊಳೆ ಔಷಧಿ ಹೊಡೆಯೋ ಆರು ಜನ, ಜೊತೆಗೆ ಮೈಲುತುತ್ತದ ಡ್ರಮ್ಮು. ನನ್ನ ಹೊಸ ಟೋಚನ್ ಹಗ್ಗದ ಪ್ಯಾಕೆಟ್ ಅವತ್ತೇ ಒಡೆದದ್ದು. ಆರೂ ಜನ ಇಳಿದು ಹಿಂದಿಂದ ತಳ್ಳಿದ್ರು, ಹತ್ತು ನಿಮಿಷದಲ್ಲಿ ಮೇಲೆ.

ರಾತ್ರಿ ಮೊಬೈಲಲ್ಲಿ ಆ ಫೋಟೋ ತೆಗೆದು ದೊಡ್ಡದು ಮಾಡಿ ನೋಡ್ದೆ. ಹೌಸಿಂಗ್ ಇದೆ. ಅದಕ್ಕೆ ಗೇರ್‌ಬಾಕ್ಸ್ ಕಡೆಯಿಂದ ಶಕ್ತಿ ತರಬೇಕಾದ ಶಾಫ್ಟ್ ಇರಬೇಕಾದ ಜಾಗದಲ್ಲಿ ಗೌಡರ ಅಂಗಳದ ದಾಸವಾಳ ಗಿಡ ಕಾಣ್ತಿದೆ. ಒಂದು ಹನಿ ಆಯಿಲ್ ಎಲ್ಲಿಂದ ಲೀಕ್ ಆಗ್ಬೇಕು, ಅದು ತಿರುಗೇ ಎಷ್ಟು ವರ್ಷ ಆಗಿತ್ತೋ! ಗ್ರೂಪಲ್ಲಿ ಆ ಫೋಟೋಗೆ ಹದಿನೇಳು ಜನ ಹೆಬ್ಬೆರಳು ಒತ್ತಿದ್ರು.

ಮಾರನೇ ದಿನ ಗೌಡರ ಮನೆಗೆ ಹೋದೆ. ಅವರಿಗೆ ಎಳ್ಳಷ್ಟೂ ಮುಜುಗರ ಇಲ್ಲ. "ಮೈಲೇಜ್ ಬರ್ತಿರ್ಲಿಲ್ಲ, ಬಿಚ್ಚಿಸಿಟ್ಟಿದ್ದೆ. ನೀವು ಎಲ್ಲಾ ಕುಟ್ಟಿ ನೋಡಿದ್ರಲ್ಲ, ಗೊತ್ತಿರ್ಬೇಕು ಅಂದ್ಕೊಂಡೆ" ಅಂದ್ರು. ಈಗ ಎಲ್ಲಿದೆ ಅಂದ್ರೆ, ಬನ್ನಿ ಅಂತ ಕೊಟ್ಟಿಗೆ ಹಿಂದೆ ಕರ್ಕೊಂಡು ಹೋದ್ರು. ನನ್ನ ಶಾಫ್ಟು ಅರ್ಧ ನೆಲದಲ್ಲಿ ಹುಗಿದಿತ್ತು. ಮೇಲ್ಗಡೆಯ ಕವಲಿಗೆ, ಅದಕ್ಕೇ ಅಂತ ಮಾಡಿದಂಗೆ, ಹಗ್ಗ ಬಿಗಿದಿದ್ರು. ಹಗ್ಗದ ತುದೀಲಿ ಒಂದು ಹೋರಿ ಕರು. ಕರು ಕಟ್ಟೋಕೆ ಇಂಥ ಗೂಟ ಸಿಗಲ್ಲ, ಗೆದ್ದಲು ಹಿಡಿಯಲ್ಲ ನೋಡಿ ಅಂದ್ರು. ಶಾಫ್ಟಿನ ಎರಡು ತುದಿಯ ಕೀಲು, ಕ್ರಾಸ್ ಅಂತಾರಲ್ಲ, ಅದೂ ತುಕ್ಕು ಹಿಡಿದು ಹೋಗಿತ್ತು, ಅದು ಬೇರೆ ಖರ್ಚು. ನಾನು ಜಗಳ ಆಡೋಣ ಅಂತಲೇ ಬಂದಿದ್ದೆ, ಆದ್ರೆ ಅವರಮ್ಮ ಅಷ್ಟೊತ್ತಿಗೆ ಕಡುಬು ತಂದು ಕೊಟ್ಟಿದ್ರು.

ಹಾರೆ ಹಾಕಿ ಶಾಫ್ಟ್ ಕಿತ್ತಿದ್ದಾಯ್ತು. ಗೌಡ್ರು ಹಗ್ಗ ನನ್ನ ಕೈಗೆ ಕೊಟ್ಟು, "ಒಂದು ಗೂಟ ಕಡ್ಕೊಂಡು ಬರ್ತೀನಿ, ಅಲ್ಲೀವರೆಗೆ ಹಿಡ್ಕೊಂಡಿರಿ" ಅಂತ ಕತ್ತಿ ತಗೊಂಡು ತೋಟಕ್ಕಿಳಿದ್ರು. ಅಂಗಳಕ್ಕೆ ಪಾಚಿ ಕಟ್ಟಿತ್ತು, ನನ್ನ ಕಾಲಲ್ಲಿ ಬೆಂಗಳೂರಿನ ಚಪ್ಪಲಿ. ಕರು ಒಂದ್ಸಲ ನನ್ನ ಮುಖ ನೋಡಿ, ತೋಟದ ಕಡೆ ಜಗ್ಗಿತು. ಅದಕ್ಕೆ ನಾಲ್ಕೂ ಕಾಲು ಕೆಲಸ ಮಾಡ್ತಿತ್ತು.