811 ದಿನ ಆದ ಮೇಲೆ ಪೋಗ್ಬಾ, ಮತ್ತು ನಮ್ಮ ಯುವೆಂಟಸ್

2025ರ ನವೆಂಬರ್ 22, ಶನಿವಾರ ರಾತ್ರಿ ಫ್ರಾನ್ಸಿನ ಫುಟ್‌ಬಾಲ್ ಆಟಗಾರ ಪಾಲ್ ಪೋಗ್ಬಾ ಮತ್ತೆ ಮೈದಾನಕ್ಕೆ ಇಳಿದ. ಫ್ರಾನ್ಸಿನ ರೆನ್ ಊರಲ್ಲಿ, ಮೊನಾಕೊ ಕ್ಲಬ್ ಪರ, 85ನೇ ನಿಮಿಷಕ್ಕೆ. ಮ್ಯಾಚ್ ಆಗಲೇ ಕೈತಪ್ಪಿ ಹೋಗಿತ್ತು. ಮೊನಾಕೊ 4-1ರಲ್ಲಿ ಸೋತಿತು. ಆದರೂ ಅವನು ಒಳಗೆ ಓಡಿ ಬಂದಾಗ ರೆನ್ ಅಭಿಮಾನಿಗಳೂ ಚಪ್ಪಾಳೆ ತಟ್ಟಿದರು. ಅದಕ್ಕೂ ಮುಂಚೆ ಅವನು ಆಡಿದ ಕೊನೆಯ ಮ್ಯಾಚ್ 2023ರ ಸೆಪ್ಟೆಂಬರ್ 3ರದ್ದು, ಎಂಪೊಲಿಯಲ್ಲಿ, ಇಟಲಿಯ ಟುರಿನ್‌ನ ಕ್ಲಬ್ ಆದ ನಮ್ಮ ಯುವೆಂಟಸ್ ಪರ. ನಡುವೆ 811 ದಿನ, ಅದರಲ್ಲಿ ಒಂದೂವರೆ ವರ್ಷ ಡೋಪಿಂಗ್, ಅಂದ್ರೆ ನಿಷಿದ್ಧ ಔಷಧಿ ಕೇಸಿನ ನಿಷೇಧ. ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನಗೆ ಗಂಟಲು ಕಟ್ಟಿತು.

ಅದೇ ದಿನ ಯುವೆಂಟಸ್ ಫಿಯೊರೆಂಟಿನಾ ಜೊತೆ 1-1 ಡ್ರಾ ಮಾಡಿಕೊಂಡಿತು. ಆ ಸೀಸನ್ನಿನ ಇಟಲಿ ಲೀಗಿನಲ್ಲಿ ಅವತ್ತಿನವರೆಗೆ ಒಂದೂ ಮ್ಯಾಚ್ ಗೆಲ್ಲದಿದ್ದ ತಂಡ ಅದು. ಅಲ್ಲಿಗೆ 12 ಮ್ಯಾಚಿಗೆ ನಮ್ಮದು 20 ಪಾಯಿಂಟ್. ಐದು ಗೆಲುವು, ಐದು ಡ್ರಾ, ಎರಡು ಸೋಲು.

ಈ ಎರಡು ಸುದ್ದಿಯನ್ನು ಒಂದೇ ರಾತ್ರಿ ನೋಡಿದಾಗಿನಿಂದ ಬರೆಯಬೇಕು ಅನ್ನಿಸುತ್ತಿದೆ. ಗೆಳೆಯರ ನಡುವೆ ಜಗಳವೂ ಆಗಿದೆ. ಒಬ್ಬ "ಮೋಸಗಾರನಿಗೆ ಯಾಕೆ ಚಪ್ಪಾಳೆ" ಅಂದ. ಇನ್ನೊಬ್ಬ "ಪಾಪ, ಅವನದ್ದೇನೂ ತಪ್ಪಿಲ್ಲ, ಸುಮ್ನೆ ಸಿಕ್ಕಿಹಾಕಿಸಿದರು" ಅಂದ. ಎರಡೂ ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಏನಾಯ್ತು ಅಂತ ಮರೆತವರಿಗೆ ಹೇಳ್ತೀನಿ. 2023ರ ಆಗಸ್ಟ್ 20, ಸೀಸನ್ನಿನ ಮೊದಲ ಮ್ಯಾಚ್. ಉದಿನೇಸೆ ವಿರುದ್ಧ ಅವರ ಊರಲ್ಲಿ ನಾವು 3-0ಯಲ್ಲಿ ಗೆದ್ದೆವು. ಪೋಗ್ಬಾ ಅವತ್ತು ಬೆಂಚಿನಿಂದ ಏಳಲೇ ಇಲ್ಲ. ಆದರೆ ಮ್ಯಾಚ್ ಮುಗಿದ ಮೇಲಿನ ಡೋಪಿಂಗ್ ಟೆಸ್ಟಿಗೆ ಅವನ ಹೆಸರು ಬಂತು. ಸೆಪ್ಟೆಂಬರ್ 11ಕ್ಕೆ ಫಲಿತಾಂಶ ಹೊರಬಿತ್ತು: ದೇಹ ತಾನೇ ತಯಾರಿಸದ, ಹೊರಗಿನಿಂದ ಬಂದ ಟೆಸ್ಟೋಸ್ಟಿರಾನ್ (ಸ್ನಾಯು ಬೆಳೆಸುವ ಹಾರ್ಮೋನು) ಅಂಶ. ಅಕ್ಟೋಬರ್‌ನಲ್ಲಿ ಖಚಿತ ಮಾಡಿಕೊಳ್ಳೋಕೆ ಎತ್ತಿಟ್ಟಿದ್ದ ಬಿ ಸ್ಯಾಂಪಲ್ ಕೂಡ ಅದನ್ನೇ ಹೇಳಿತು. 2024ರ ಫೆಬ್ರವರಿ 29ಕ್ಕೆ ಇಟಲಿಯ ಡೋಪಿಂಗ್ ನ್ಯಾಯಮಂಡಳಿ ನಾಲ್ಕು ವರ್ಷ ನಿಷೇಧ ಹಾಕಿತು. ಆಗ ಅವನಿಗೆ 30 ವರ್ಷ. ನಾಲ್ಕು ವರ್ಷ ಅಂದ್ರೆ ಆಟ ಮುಗಿದ ಹಾಗೆಯೇ.

ಅವನು ಕ್ರೀಡಾ ನ್ಯಾಯಾಲಯಕ್ಕೆ ಹೋದ. ಅಲ್ಲಿ ಗೊತ್ತಾಗಿದ್ದು ಇಷ್ಟು. ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬ ವೈದ್ಯರು ಬರೆದುಕೊಟ್ಟ ಸಪ್ಲಿಮೆಂಟ್ ತಗೊಂಡಿದ್ದ. ಅದರಲ್ಲಿ ದೇಹದೊಳಗೆ ಟೆಸ್ಟೋಸ್ಟಿರಾನ್ ಆಗಿ ಬದಲಾಗುವ ಡಿಎಚ್‌ಇಎ ಅನ್ನುವ ಹಾರ್ಮೋನು ಇತ್ತು. ಅಮೆರಿಕದಲ್ಲಿ ಇದು ಅಂಗಡಿಯಲ್ಲೇ ಸಿಗುತ್ತದೆ, ಆದರೆ ಆಟಗಾರರಿಗೆ ನಿಷಿದ್ಧ. ದೊಡ್ಡ ದೊಡ್ಡ ಕ್ರೀಡಾಪಟುಗಳನ್ನು ನೋಡಿಕೊಳ್ಳುತ್ತೇನೆ, ಡೋಪಿಂಗ್ ನಿಯಮ ಗೊತ್ತು ಅಂತ ಆ ವೈದ್ಯರ ಕಡೆಯಿಂದ ಭರವಸೆ ಸಿಕ್ಕಿತ್ತು. ಅವನು ಬೇಕಂತ ತಗೊಂಡಿದ್ದಲ್ಲ ಅಂತ ನ್ಯಾಯಾಲಯ ಒಪ್ಪಿತು. ಆದರೆ ತಪ್ಪೇ ಇಲ್ಲ ಅನ್ನಲಿಲ್ಲ. ವೃತ್ತಿಪರ ಆಟಗಾರ ಇನ್ನಷ್ಟು ಎಚ್ಚರ ವಹಿಸಬೇಕಿತ್ತು ಅಂದಿತು. 2024ರ ಅಕ್ಟೋಬರ್‌ನಲ್ಲಿ ಶಿಕ್ಷೆ 18 ತಿಂಗಳಿಗೆ ಇಳಿಯಿತು.

ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. 18 ತಿಂಗಳು ಕಡಿಮೆ ಏನಲ್ಲ. ತಿಳಿಯದೆ ಮಾಡಿದ್ದರೂ ಶಿಕ್ಷೆ ಬೇಕು, ಯಾಕಂದ್ರೆ ಎದುರುಗಡೆ ಆಡುವವನು ಎಚ್ಚರವಾಗಿದ್ದಾನಲ್ಲ, ಅವನಿಗೂ ನ್ಯಾಯ ಬೇಕು. ಕೆಮ್ಮಿಗೆ ಮಗನ ಸಿರಪ್ ಕುಡಿದೆ ಅಂದ ಅರ್ಜೆಂಟೀನಾದ ಆಟಗಾರ ಪಾಪು ಗೋಮೆಸ್‌ಗೆ ಎರಡು ವರ್ಷ ಬಿತ್ತು. ಹುಷಾರಿಲ್ಲ ಅಂತ ಹೆಂಡತಿಯ ಮಾತ್ರೆ ನುಂಗಿದ ಗೋಲ್‌ಕೀಪರ್ ಒನಾನಾಗೆ ಮೊದಲು ಒಂದು ವರ್ಷ, ಆಮೇಲೆ ಒಂಬತ್ತು ತಿಂಗಳು. ಅವರಿಗೆಲ್ಲ ಒಂದು ನಿಯಮ, ನಮ್ಮ ಪ್ರೀತಿಯ ಪೋಗ್ಬಾಗೆ ಇನ್ನೊಂದು ಅಂತ ಕೇಳೋಕಾಗಲ್ಲ.

ಆದರೆ ನನಗೆ ನಿದ್ದೆ ಕೆಡಿಸುವ ಪ್ರಶ್ನೆ ಬೇರೆ. ಯುವೆಂಟಸ್‌ನಂಥ ಕ್ಲಬ್ಬಿನ ಆಟಗಾರ ಯಾಕೆ ಸಮುದ್ರ ದಾಟಿ ಇನ್ನೊಬ್ಬ ವೈದ್ಯರ ಮಾತ್ರೆ ನುಂಗುವ ಸ್ಥಿತಿಗೆ ಬಂದ?

2022ರ ಜುಲೈ ನೆನಪು ಮಾಡಿಕೊಳ್ಳಿ. ಅವನು ವಾಪಸ್ ಬಂದಾಗ ನಾವೆಲ್ಲ ಕುಣಿದಾಡಿದ್ದೆವು. 2012ರಿಂದ 2016ರವರೆಗೆ ನಾಲ್ಕು ಸೀಸನ್, ನಾಲ್ಕು ಲೀಗ್ ಪಟ್ಟ ಗೆದ್ದುಕೊಟ್ಟ ಹುಡುಗ ಅವನು. ಬಂದು ಕೆಲವೇ ದಿನಕ್ಕೆ ಅಮೆರಿಕ ಪ್ರವಾಸದಲ್ಲಿ ಮಂಡಿಗೆ ಪೆಟ್ಟಾಯ್ತು. ಆಪರೇಷನ್ ಬೇಡ, ಹಾಗೇ ವಾಸಿ ಮಾಡಿಕೊಳ್ಳುತ್ತೇನೆ ಅಂತ ಶುರು ಮಾಡಿದ. ಕತಾರ್ ವಿಶ್ವಕಪ್ ಮುಂದಿತ್ತಲ್ಲ. ಸೆಪ್ಟೆಂಬರ್‌ಗೆ ಕೊನೆಗೂ ಆಪರೇಷನ್ ಮಾಡಿಸಬೇಕಾಯ್ತು. ಮಂಡಿಯೂ ಹೋಯ್ತು, ವಿಶ್ವಕಪ್ಪೂ ಹೋಯ್ತು. ಅದೇ ಹೊತ್ತಿಗೆ ಮನೆಯೊಳಗಿನ ದುಡ್ಡಿನ ಬೆದರಿಕೆಯ ಕೇಸು ಬೇರೆ, ಅದರಲ್ಲಿ ಸ್ವಂತ ಅಣ್ಣನ ಹೆಸರು.

2023ರ ಮೇ 14. ಕ್ರೆಮೊನೇಸೆ ವಿರುದ್ಧ ಆ ಸೀಸನ್ನಿನಲ್ಲಿ ಮೊದಲ ಸಲ ಶುರುವಿನಿಂದಲೇ ಆಡಿದ. 24ನೇ ನಿಮಿಷಕ್ಕೆ ತೊಡೆ ಹಿಡಿದುಕೊಂಡ. ಜೆರ್ಸಿಯನ್ನು ಮುಖಕ್ಕೆ ಎಳೆದುಕೊಂಡು ಅಳುತ್ತಾ ಹೊರಗೆ ನಡೆದ. ಆ ದೃಶ್ಯ ಇನ್ನೂ ನನ್ನ ಕಣ್ಣ ಮುಂದಿದೆ. ಹಾಗೆ ಅಳುವ ಮನುಷ್ಯನಿಗೆ ಯಾರಾದರೂ "ಇದು ತಗೋ, ಸರಿ ಹೋಗುತ್ತೆ" ಅಂದ್ರೆ ತಗೋತಾನೆ. ಅದಕ್ಕೇ ಆ ಹೊತ್ತಲ್ಲಿ ಪಕ್ಕದಲ್ಲಿ ಒಬ್ಬರು ಇರಬೇಕು. "ಬಾಟಲಿ ಇಲ್ಲಿ ಕೊಡು, ನಾನು ನೋಡಿದ ಮೇಲೆ ನುಂಗು" ಅನ್ನಬೇಕು. ಆಟಗಾರ ಇನ್ನೊಬ್ಬ ವೈದ್ಯರನ್ನು ನೋಡೋದು ತಪ್ಪಲ್ಲ, ಅದು ಅವನ ಹಕ್ಕು. ಆದರೆ ಅವನ ಬಾಯಿಗೆ ಏನು ಹೋಗುತ್ತಿದೆ ಅನ್ನೋದು ಕ್ಲಬ್ಬಿಗೆ ಗೊತ್ತಿರಬೇಕು. ಅಷ್ಟು ಹತ್ತಿರ ಇಲ್ಲದಿದ್ದರೆ ಕ್ಲಬ್ ಯಾಕೆ?

ನಮ್ಮ ಕ್ಲಬ್ಬಿಗಂತೂ ಈ ಎಚ್ಚರ ಬೇರೆ ಎಲ್ಲರಿಗಿಂತ ಜಾಸ್ತಿ ಇರಬೇಕಿತ್ತು. 1998ರಲ್ಲಿ ಎದುರಾಳಿ ಕ್ಲಬ್ ರೋಮಾದ ಕೋಚ್ ಜೆಮನ್ "ಫುಟ್‌ಬಾಲ್ ಔಷಧಿ ಅಂಗಡಿಯಿಂದ ಹೊರಗೆ ಬರಬೇಕು" ಅನ್ನುವ ಅರ್ಥದ ಮಾತಾಡಿದ ಮೇಲೆ ಟುರಿನ್‌ನಲ್ಲಿ ತನಿಖೆ ಶುರುವಾಯ್ತು. ಕ್ಲಬ್ಬಿನಲ್ಲಿ 281 ಬಗೆಯ ಔಷಧಿ ಸಿಕ್ಕಿದ್ದವು. ಕ್ಲಬ್ ವೈದ್ಯ ಅಗ್ರಿಕೊಲಾಗೆ 2004ರಲ್ಲಿ ಕೆಳ ಕೋರ್ಟು 22 ತಿಂಗಳ ಶಿಕ್ಷೆ ಕೊಟ್ಟಿತು. 2005ರಲ್ಲಿ ಮೇಲ್ಮನವಿಯಲ್ಲಿ ಖುಲಾಸೆ ಆಯ್ತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಕಾಲಮಿತಿ ಮೀರಿತ್ತು. ಇಂದಿಗೂ ನಾವು ಗೆದ್ದ 1996ರ ಚಾಂಪಿಯನ್ಸ್ ಲೀಗ್ (ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿ) ಅಂದ್ರೆ ಎದುರಾಳಿ ಅಭಿಮಾನಿಗಳು ಆ ವಿಷಯ ಎತ್ತುತ್ತಾರೆ. ನಾನು 2006ರ ವಿಶ್ವಕಪ್ಪಿನಲ್ಲಿ ಬುಫೊನ್, ದೆಲ್ ಪಿಯೆರೊ ನೋಡಿ ಈ ಕ್ಲಬ್ಬಿಗೆ ಮನಸ್ಸು ಕೊಟ್ಟವನು. ಕೊಟ್ಟ ವರ್ಷವೇ ರೆಫರಿಗಳ ಹಗರಣಕ್ಕೆ ಕ್ಲಬ್ಬನ್ನು ಎರಡನೇ ಡಿವಿಷನ್ನಿಗೆ ತಳ್ಳಿದರು. ಬಿಟ್ಟು ಹೋಗಲಿಲ್ಲ. ಬಿಟ್ಟು ಹೋಗದವನಿಗೆ ಕೇಳುವ ಹಕ್ಕೂ ಇದೆ.

ಇದು ಬರೀ ಇಟಲಿಯ ಮಾತಲ್ಲ. ಭಾನುವಾರ ಬೆಳಿಗ್ಗೆ ಬೆಂಗಳೂರಲ್ಲಿ ನಮ್ಮ ಏರಿಯಾ ಹುಡುಗರಿಗೆ ನಾನು ಫುಟ್‌ಬಾಲ್ ಹೇಳಿಕೊಡ್ತೀನಿ. ಹೋದ ವರ್ಷ ಹದಿನೇಳರ ಹುಡುಗನೊಬ್ಬನ ಬ್ಯಾಗಿಂದ ಒಂದು ಕಪ್ಪು ಡಬ್ಬಿ ಉರುಳಿ ಹುಲ್ಲಿಗೆ ಬಿತ್ತು.

"ಏನೋ ಇದು?"

"ಸರ್, ಜಿಮ್ ಅಣ್ಣ ಕೊಟ್ಟಿದ್ದು. ಸ್ಟ್ಯಾಮಿನಾಗೆ. ಪೂರ್ತಿ ನ್ಯಾಚುರಲ್ ಅಂತೆ."

ಡಬ್ಬಿಯ ಹಿಂದೆ ಏನೇನಿದೆ ಅನ್ನುವ ಪಟ್ಟಿಯ ಮೇಲೇ ಬೆಲೆಯ ಸ್ಟಿಕ್ಕರ್ ಅಂಟಿಸಿದ್ದರು. ಉಗುರಿನಿಂದ ಕೆರೆದು ಕೆರೆದು ತೆಗೆದೆ. ಕೆಳಗೆ ಇರುವೆ ಸಾಲಿನಂಥ ಅಕ್ಷರ. ಬಿಸಿಲಿಗೆ ಹಿಡಿದು ಓದಿದೆ. ಅರ್ಧಕ್ಕೆ ಹೆಸರಿತ್ತು. ಉಳಿದದ್ದೆಲ್ಲ ಸೇರಿಸಿ "ಪ್ರೊಪ್ರೈಟರಿ ಬ್ಲೆಂಡ್" ಅಂತ ಒಂದೇ ಸಾಲು. ಅಂದ್ರೆ ಒಳಗೇನಿದೆ ಅಂತ ಹೇಳಲ್ಲ. ಹುಡುಗನಿಗೆ ಬೈಯಲಿಲ್ಲ. ಅವತ್ತೇ ಮನೆಗೆ ಹೋಗಿ ಅವರಮ್ಮನ ಜೊತೆ ಮಾತಾಡಿದೆ. "ಅವನು ಹಾರ್ಲಿಕ್ಸ್ ತರದ್ದು ಅಂದಿದ್ದ ಸರ್" ಅಂದರು ಆಕೆ. ಡಬ್ಬಿ ಈಗ ನಮ್ಮನೆ ಅಟ್ಟದ ಮೇಲಿದೆ. ಹೊಸ ಹುಡುಗರು ಬಂದಾಗ ಇಳಿಸಿ ತೋರಿಸ್ತೀನಿ.

2023ರಲ್ಲಿ ಭಾರತದಲ್ಲಿ 5,606 ಸ್ಯಾಂಪಲ್ ಪರೀಕ್ಷೆ ಮಾಡಿದ್ದಕ್ಕೆ 213 ಪಾಸಿಟಿವ್ ಬಂದವು. ನೂರಕ್ಕೆ ಹತ್ತಿರ ಹತ್ತಿರ ನಾಲ್ಕು. ಅಷ್ಟು ಜನರೂ ಬೇಕಂತಲೇ ಮೋಸ ಮಾಡಿದವರು ಅಂತ ನಾನು ನಂಬಲ್ಲ. ಕೈಯಲ್ಲಿ ಇಂಥ ಡಬ್ಬಿ ಹಿಡಿದು, ಕೇಳೋಕೆ ಯಾರೂ ಇಲ್ಲದೆ ಸಿಕ್ಕಿಬಿದ್ದವರೂ ಅದರಲ್ಲಿ ಇರ್ತಾರೆ. ಹಾಗಂತ ಎಲ್ಲರೂ ಅಮಾಯಕರೂ ಅಲ್ಲ.

ಮತ್ತೆ ಯುವೆಂಟಸ್ ವಿಷಯಕ್ಕೆ ಬರ್ತೀನಿ. ಪೋಗ್ಬಾ ಶಿಕ್ಷೆ ಕಡಿಮೆಯಾದ ಮೇಲೆ, 2024ರ ನವೆಂಬರ್‌ನಲ್ಲಿ ಕ್ಲಬ್ಬೂ ಅವನೂ ಒಪ್ಪಂದ ಮುರಿದುಕೊಂಡರು. ದುಡ್ಡಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಅದರ ಹಿಂದೆ ಮುಂದೆ ಆದದ್ದು ನೋಡಿ. ಮಿಡ್‌ಫೀಲ್ಡಿನ ಕೂಪ್‌ಮೈನರ್ಸ್, ಡಗ್ಲಸ್ ಲೂಯಿಸ್, ಇಬ್ಬರಿಗೂ 2024ರ ಬೇಸಿಗೆಯಲ್ಲಿ ತಲಾ 50 ಮಿಲಿಯನ್ ಯೂರೊ ಆಸುಪಾಸು ಸುರಿದರು. ಡಗ್ಲಸ್ ಲೂಯಿಸ್ ಒಂದೇ ವರ್ಷಕ್ಕೆ ಇಂಗ್ಲೆಂಡಿನ ಕ್ಲಬ್ಬಿಗೆ ಲೋನ್ ಮೇಲೆ, ಅಂದ್ರೆ ಎರವಲಾಗಿ, ಹೋದ. ಕೂಪ್‌ಮೈನರ್ಸ್ ಅಟಲಾಂಟಾದಲ್ಲಿ ಹುಲಿಯ ಹಾಗೆ ಆಡುತ್ತಿದ್ದವನು, ಇಲ್ಲಿ ಎಲ್ಲಿ ನಿಲ್ಲಬೇಕು ಅಂತಲೇ ತಿಳಿಯದವನ ಹಾಗೆ ಓಡಾಡುತ್ತಿದ್ದ. ಕೋಚ್‌ಗಳ ಕಥೆಯೂ ಅಷ್ಟೇ. 2024ರ ಮೇನಲ್ಲಿ ಅಲೆಗ್ರಿ ಇಟಲಿಯ ಕಪ್ ಟೂರ್ನಿ ಕೊಪ್ಪಾ ಇಟಾಲಿಯಾ ಗೆದ್ದ ಎರಡೇ ದಿನಕ್ಕೆ ಹೊರಗೆ. ಥಿಯಾಗೊ ಮೊಟ್ಟಾ ಹತ್ತು ತಿಂಗಳೂ ತುಂಬಿಸಲಿಲ್ಲ. ತುದೋರ್ ಎಂಟು ಮ್ಯಾಚ್ ಗೆಲುವೇ ಇಲ್ಲದೆ 2025ರ ಅಕ್ಟೋಬರ್ ಕೊನೆಗೆ ಹೋದ. ಆಮೇಲೆ ಬಂದದ್ದು ಸ್ಪಲ್ಲೆಟ್ಟಿ. ಒಂದೂವರೆ ವರ್ಷದಲ್ಲಿ ನಾಲ್ಕನೇ ಕೋಚ್!

ಪೋಗ್ಬಾ ಕಥೆಗೂ ಇದಕ್ಕೂ ಬೇರು ಒಂದೇ ಅಂತ ನನಗೆ ಬಲವಾಗಿ ಅನ್ನಿಸುತ್ತೆ. ಹೆಸರು ನೋಡಿ ಕರೆತರ್ತಾರೆ. ಬಂದವನಿಗೆ ಏನು ಬೇಕು, ಅವನ ಮೈ ಹೇಗಿದೆ, ಮನಸ್ಸು ಹೇಗಿದೆ, ಎಲ್ಲಿ ಆಡಿಸಿದರೆ ಅರಳ್ತಾನೆ ಅಂತ ಕೂತು ನೋಡುವ ತಾಳ್ಮೆ ಇಲ್ಲ. ಕೆಲಸಕ್ಕೆ ಬರಲಿಲ್ವಾ, ಕಳಿಸು, ಇನ್ನೊಬ್ಬನನ್ನು ತಾ. 2012ರಿಂದ 2020ರವರೆಗೆ ಸತತ ಒಂಬತ್ತು ಲೀಗ್ ಪಟ್ಟ ಗೆದ್ದಾಗ ಹೀಗಿರಲಿಲ್ಲ. ಡಿಫೆಂಡರ್‌ಗಳಾದ ಬಾರ್ಜಾಲಿ, ಬೊನುಚ್ಚಿ, ಕಿಯೆಲ್ಲಿನಿ ವರ್ಷಗಟ್ಟಲೆ ಒಟ್ಟಿಗೆ ನಿಂತಿದ್ದರು. ಹತ್ತೊಂಬತ್ತರ ಪೋಗ್ಬಾ ಬಂದಾಗ ಪಕ್ಕದಲ್ಲಿ ಅನುಭವಿ ಪಿರ್ಲೊ ಇದ್ದ. ತಪ್ಪು ಮಾಡಿದರೆ ಹೇಳುವವರು ಡ್ರೆಸಿಂಗ್ ರೂಮಿನಲ್ಲೇ ಇದ್ದರು.

2025-26ರ ಸೀಸನ್ ಏನಾಗುತ್ತೆ ಅಂತ ಆ ನವೆಂಬರ್‌ನಲ್ಲಿ ಯೋಚಿಸುತ್ತಿದ್ದೆ. ಲೀಗ್ ಪಟ್ಟದ ಆಸೆ ನನಗಿರಲಿಲ್ಲ, ಇಟ್ಟುಕೊಂಡವರಿಗೆ ಬೇಡ ಅನ್ನಲಿಲ್ಲ. ಮುಂದಿನ ಚಾಂಪಿಯನ್ಸ್ ಲೀಗ್‌ಗೆ ಜಾಗ ಕೊಡುವ ನಾಲ್ಕನೇ ಸ್ಥಾನ ಸಿಕ್ಕಿದರೆ ಹಬ್ಬ ಅಂದುಕೊಂಡಿದ್ದೆ. ಡಿಫೆಂಡರ್ ಬ್ರೆಮರ್ ಮಂಡಿ ಆಪರೇಷನ್ ಆಗಿ ಕೂತಿದ್ದ, ಅವನಿಲ್ಲದೆ ಹಿಂದಿನ ಸಾಲು ಹೆದರುತ್ತಲೇ ಆಡುತ್ತಿತ್ತು. ದಯವಿಟ್ಟು ಅವನನ್ನು ಬೇಗ ಇಳಿಸಬೇಡಿ ಅನ್ನಿಸುತ್ತಿತ್ತು. ಮುಂದಿನ ಸಾಲಿನಲ್ಲಿ ವ್ಲಾಹೊವಿಚ್ ಒಪ್ಪಂದ 2026ರ ಜೂನ್‌ಗೆ ಮುಗಿಯುವುದಿತ್ತು. ಡೇವಿಡ್, ಒಪೆಂಡಾ ಇಬ್ಬರೂ ಆಗ ಹೊಸಬರು, ಇನ್ನೂ ಹೊಂದಿಕೊಂಡಿರಲಿಲ್ಲ. ಸ್ಪಲ್ಲೆಟ್ಟಿ ಮೇಲೆ ನನಗೆ ನಂಬಿಕೆ ಇದೆ. ಇಟಲಿ ತಂಡದಲ್ಲಿ ಅವನಿಗೆ ಆಗಲಿಲ್ಲ, ನಿಜ. ಆದರೆ 2023ರಲ್ಲಿ ನಪೋಲಿಗೆ 33 ವರ್ಷದ ಮೇಲೆ ಪಟ್ಟ ತಂದುಕೊಟ್ಟಿದ್ದು ಅವನೇ. ದಿನಾ ಮೈದಾನದಲ್ಲಿ ನಿಂತು ತಿದ್ದುವ ಕೋಚ್ ಅವನು. ಬಂದಾಗ ಅವನಿಗೆ ಕೊಟ್ಟ ಒಪ್ಪಂದ ಆ ಸೀಸನ್ ಕೊನೆಯವರೆಗೆ ಮಾತ್ರ. ಅದು ನನಗೆ ಸ್ವಲ್ಪವೂ ಇಷ್ಟ ಆಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಆಸೆ ಕೆನಾನ್ ಯಿಲ್ಡಿಜ್. ಆಗ ಇನ್ನೂ 20 ವರ್ಷ. ದೆಲ್ ಪಿಯೆರೊ ಹಾಕಿದ್ದ 10ನೇ ನಂಬರ್ ಅವನ ಬೆನ್ನ ಮೇಲಿದೆ. ಅದೇ 10 ಪೋಗ್ಬಾ ಬೆನ್ನ ಮೇಲೂ ಇತ್ತು, ನಿಷೇಧ ಬಿದ್ದ ದಿನವೂ. ಎಡಗಡೆಯಿಂದ ಒಳಗೆ ತಿರುಗಿ ಬಲಗಾಲಲ್ಲಿ ದೂರದ ಮೂಲೆಗೆ ಹೊಡೀತಾನಲ್ಲ, ಅದನ್ನು ನೋಡೋಕೆ ನಾನು ಮಧ್ಯರಾತ್ರಿ ಎದ್ದು ಕೂರ್ತೀನಿ. ಒಂದೊಂದು ಸಲ ಕೊನೆಯ ಹೊತ್ತಿಗೆ ಅವನು ಮಂಡಿ ಮೇಲೆ ಕೈಯಿಟ್ಟು ಬಗ್ಗಿ ನಿಂತಿರೋದು ಕ್ಯಾಮೆರಾದಲ್ಲಿ ಕಾಣುತ್ತೆ. ಆಗ ಭಯ ಆಗುತ್ತೆ. ಈ ಹುಡುಗನನ್ನು ವಾರಕ್ಕೆರಡು ಮ್ಯಾಚ್ ಆಡಿಸಿ ಹಿಂಡಬೇಡಿ. ಅವನ ಮಂಡಿ ನೋಡಿ, ಅವನ ಊಟ ನೋಡಿ, ಅವನ ಬ್ಯಾಗಿನಲ್ಲಿ ಯಾವ ಡಬ್ಬಿ ಇದೆ ಅಂತ ನೋಡಿ.

ಚಾಂಪಿಯನ್ಸ್ ಲೀಗ್‌ನಲ್ಲಿ ಆಗ ನಾಲ್ಕು ಮ್ಯಾಚಿಗೆ ನಮ್ಮದು ಬರೀ ಮೂರು ಪಾಯಿಂಟ್. ಮುಂದಿನದು ನಾರ್ವೆಯ ಬೋಡೊದಲ್ಲಿ, ಚಳಿಯಲ್ಲಿ, ಕೃತಕ ಹುಲ್ಲಿನ ಮೇಲೆ ಇತ್ತು. ಗೆಲ್ಲಲೇಬೇಕಿತ್ತು. ನಮಗೆ ಇಲ್ಲಿ ಬುಧವಾರ ಬೆಳಗಿನ ಜಾವ 1:30. ಅಲಾರಂ ಇಟ್ಟಿದ್ದೆ. ಅಂಥ ಹೊತ್ತಲ್ಲಿ ಎದ್ದಿರುವ ಯುವೆಂಟಸ್ ಮಂದಿ ಯಾರಾದರೂ ಇದ್ದರೆ ಮೆಸೇಜ್ ಮಾಡಿ, ಒಟ್ಟಿಗೆ ನೋಡೋಣ.