ಝಡ್ ಹೋಯ್ತು, ನಿಮಗೆ ಬರ್ತಿದೆಯಾ?

20ನೇ ತಾರೀಖು ಅಂದರೆ ಏನು ಅಂತ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಜಿಎಸ್‌ಟಿಆರ್ 3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಸಲ್ಲಿಸಲು ಕೊನೇ ದಿನ. ಬಿಲ್ಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬೆಚ್ಚಗೆ ಇಟ್ಟುಕೊಂಡಿದ್ದ ವ್ಯಾಪಾರಿಗಳೆಲ್ಲ ಅವತ್ತೇ ಬರುತ್ತಾರೆ. ನಿನ್ನೆಯೂ ಬಂದರು. ಊಟ ಮುಗಿಸಿ ನಾವು ಇನ್ನೇನು ಕುರ್ಚಿಗೆ ವಾಪಸ್ ಕೂರಬೇಕು, ಅಷ್ಟರಲ್ಲಿ ಮೂಲೆಯಿಂದ ನಮ್ಮ ರಾಯರ ಧ್ವನಿ ಕೇಳಿತು.

"ಝಡ್ ಹೋಯ್ತು!"

ರಾಯರು ಅದನ್ನು ಹೇಳಿದ ರೀತಿಗೆ, ಬಿಲ್ ಕೊಡಲು ಬಂದಿದ್ದ ಅಡಿಕೆ ವ್ಯಾಪಾರಿಯೊಬ್ಬರು ತಟ್ಟನೆ ಎದ್ದು ನಿಂತು, "ಅಯ್ಯೋ, ಯಾವಾಗ?" ಅಂತ ಕೇಳಿದರು.

ಝಡ್ ಅಂದರೆ ನಮ್ಮ ಶೇರ್ಡ್ ಡ್ರೈವ್, ಎಲ್ಲರ ಕಂಪ್ಯೂಟರಿನಿಂದಲೂ ತೆರೆಯುವ ಒಂದೇ ಕಪಾಟು. ಆಫೀಸಿನ ಲೆಕ್ಕವೆಲ್ಲ ಅದರೊಳಗೇ ಇದೆ. ಅದು ಇರುವುದು 'ಸರ್ವರ್'ನಲ್ಲಿ. ಸರ್ವರ್ ಅಂದ ತಕ್ಷಣ ತಣ್ಣನೆಯ ಕೋಣೆ, ಮಿಣಮಿಣ ದೀಪ ಅಂತೆಲ್ಲ ಅಂದುಕೊಳ್ಳಬೇಡಿ. ಸಾಹೇಬರು ಹೊಸ ಕಂಪ್ಯೂಟರ್ ತೆಗೆದುಕೊಂಡಾಗ ಹಳೆಯದಕ್ಕೆ ಸಿಕ್ಕ ಬಡ್ತಿ ಅದು. ಮೂಲೆಯ ಮೇಜಿನ ಕೆಳಗೆ ನೆಲದ ಮೇಲೆ ಕೂತಿದೆ. ಮಾನಿಟರ್ ಕೂಡ ಇಲ್ಲ.

ಝಡ್ ಹೋದಾಗ ರಾಯರು ಏನು ಮಾಡುತ್ತಾರೆ ಅನ್ನುವುದನ್ನು ನೋಡಬೇಕು. ರಾತ್ರಿ ಕರೆಂಟ್ ಹೋದರೆ ನಾವೆಲ್ಲ ಮೊದಲು ಕ್ಯಾಂಡಲ್ ಹುಡುಕುವುದಿಲ್ಲ, ಕಿಟಕಿ ತೆಗೆದು ಎದುರುಮನೆ ನೋಡುತ್ತೇವೆ, ಅಲ್ವಾ? ಹಾಗೆ. ಮೊದಲು ಪಕ್ಕದ ಟೇಬಲ್. "ನಿಮಗೆ ಬರ್ತಿದೆಯಾ?" ಆಮೇಲೆ ಸಿಎ ಓದುತ್ತಾ ಕೆಲಸ ಕಲಿಯುವ ಆರ್ಟಿಕಲ್ ಹುಡುಗರು. "ನಿಮಗ್ರಪ್ಪಾ?" ಆಮೇಲೆ ಸಾಹೇಬರ ಕ್ಯಾಬಿನ್ ಬಾಗಿಲು ಅರ್ಧ ತೆಗೆದು, "ಸರ್, ತಮಗೆ?" ಎಲ್ಲರಿಗೂ ಹೋಗಿದೆ ಅಂತ ಗೊತ್ತಾದರೆ ಅವರ ಮುಖದಲ್ಲಿ ಒಂದು ಸಮಾಧಾನ ಮೂಡುತ್ತದೆ. ಕನ್ನಡಕ ತೆಗೆದು ಒರೆಸಿಕೊಂಡು, ಎಲೆಯಡಿಕೆ ಡಬ್ಬಿ ಬಿಚ್ಚುತ್ತಾರೆ. ಅದೇ ಯಾರೋ ಒಬ್ಬರಿಗೆ ಮಾತ್ರ ಬರುತ್ತಿದೆ ಅಂದುಕೊಳ್ಳಿ. ಮುಗೀತು. ಅವರ ಕುರ್ಚಿ ಹಿಂದೆ ಹೋಗಿ ನಿಂತು, "ನಿಮಗೆ ಹೇಗೆ ಬರ್ತಿದೆ?" ಅಂತ ವಿಚಾರಣೆ. ಬರ್ತಿರೋರದ್ದೇ ತಪ್ಪು ಅನ್ನೋ ಹಾಗೆ. ಅವರ ಸ್ಕ್ರೀನಿನಲ್ಲಿ ಝಡ್ ಒಳಗಿರುವ ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆಸಿ ನೋಡುತ್ತಾರೆ. ನಿಜವಾಗಿಯೂ ಬರುತ್ತಿದೆ ಅಂತ ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿ, "ಏನಮ್ಮಾ ಇದು, ಇವರಿಗೆ ಬರ್ತಿದೆ, ನನಗೆ ಬರ್ತಿಲ್ಲ" ಅನ್ನುತ್ತಾರೆ.

ನನ್ನ ಕಡೆಗೇ ಯಾಕೆ ಅಂದರೆ, ಯಾವುದೋ ಕಾಲದಲ್ಲಿ ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಪೇಪರ್ ಎಳೆದು ತೆಗೆದಿದ್ದೆ. ಅವತ್ತಿನಿಂದ ನಾನು ಕಂಪ್ಯೂಟರ್ ಗೊತ್ತಿರೋಳು. ಸಂಬಳ ಅಕೌಂಟೆಂಟ್‌ದೇ.

ನನ್ನ ಸಿಟ್ಟು ಝಡ್ ಮೇಲಲ್ಲ. ದೂರು ಒಂದೇ ಇರುತ್ತದೆ, ಕಾರಣ ಮಾತ್ರ ಪ್ರತಿ ಸಲ ಬೇರೆ, ಮತ್ತು ಆ ಕಾರಣ ಯಾರಿಗೂ ಬೇಕಿಲ್ಲ. ಅದು ನನ್ನ ತಕರಾರು. ಒಮ್ಮೆ ಸರ್ವರ್ ನಿದ್ದೆಗೆ ಜಾರುತ್ತಿತ್ತು. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ತೆಗೆದೆ. ಆಮೇಲೆ ನೋಡಿದರೆ ಕಂಪ್ಯೂಟರ್ ಎಚ್ಚರವಾಗಿದ್ದರೂ ನೆಟ್‌ವರ್ಕ್ ಕಾರ್ಡ್ ಮಲಗುತ್ತಿತ್ತು. ಕರೆಂಟ್ ಉಳಿಸಲು ಅದನ್ನು ಆಫ್ ಮಾಡಬಹುದು ಅಂತ ಡಿವೈಸ್ ಮ್ಯಾನೇಜರ್‌ನಲ್ಲಿ ಒಂದು ಟಿಕ್ ಇರುತ್ತದೆ, ಅದನ್ನೂ ತೆಗೆದೆ. ಇನ್ನೊಮ್ಮೆ ಹೊಸ ರೂಟರ್ ಬಂದಾಗ ನೆಟ್‌ವರ್ಕ್ 'ಪ್ರೈವೇಟ್' ಇದ್ದದ್ದು 'ಪಬ್ಲಿಕ್' ಆಗಿ ಶೇರಿಂಗೇ ನಿಂತಿತ್ತು. ವಿಂಡೋಸ್ ಪಾಲಿಗೆ ನಮ್ಮ ಆಫೀಸು ಬಸ್‌ಸ್ಟ್ಯಾಂಡ್ ಆಗಿಬಿಟ್ಟಿತ್ತು. ಇದನ್ನೆಲ್ಲ ಉತ್ಸಾಹದಿಂದ ವಿವರಿಸಲು ಹೋದರೆ ಸಾಹೇಬರು, "ಬಂತಲ್ಲ, ಸಾಕು" ಅನ್ನುತ್ತಾರೆ.

ಕೆಂಪು ಗುರುತಿನದು ಇನ್ನೊಂದು ಕಥೆ. ಯಾರೂ ಮುಟ್ಟದೆ 15 ನಿಮಿಷ ಬಿಟ್ಟರೆ ಸರ್ವರ್‌ನಲ್ಲಿರುವ ವಿಂಡೋಸ್ ತಾನಾಗಿಯೇ ಆ ಸಂಪರ್ಕ ಕಡಿದುಬಿಡುತ್ತದೆ. ಅದು ಕೆಟ್ಟಿದ್ದಲ್ಲ, ಅದರ ಪದ್ಧತಿಯೇ ಅಷ್ಟು. ಆಗ ಝಡ್ ಮೇಲೆ ಕೆಂಪು ಗುರುತು ಕಾಣುತ್ತದೆ. ಸಾಮಾನ್ಯವಾಗಿ ಎರಡು ಸಲ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ಆದರೆ ರಾಯರು ಕ್ಲಿಕ್ ಮಾಡುವುದಿಲ್ಲ. "ಕೆಂಪು ಇದ್ದಾಗ ಮುಟ್ಟಬಾರದಮ್ಮಾ." ಕೊನೆಗೆ ಕಮಾಂಡ್ ಪ್ರಾಂಪ್ಟ್ ತೆಗೆದು ಆಟೋಡಿಸ್‌ಕನೆಕ್ಟ್ ಎಂಬಲ್ಲಿ ಮೈನಸ್ ಒಂದು ಅಂತ ಹಾಕಿದೆ. ಹಾಗೆ ಹಾಕಿದರೆ ಯಾವತ್ತೂ ಕಡಿಯಬೇಡ ಅಂತ ಅರ್ಥ. ಹಿಂದೆ ನಿಂತು ನೋಡುತ್ತಿದ್ದ ರಾಯರು, "ಮೈನಸ್ ಯಾಕಮ್ಮಾ, ನಷ್ಟ ತೋರಿಸಲ್ವಾ?" ಅಂದರು.

ಸರ್ವಿಸ್ ಹುಡುಗನೂ ಒಬ್ಬ ಇದ್ದಾನೆ. ಫೋನ್ ಮಾಡಿದರೆ, "ಮೇಡಂ, ರೀಸ್ಟಾರ್ಟ್ ಮಾಡಿ" ಅನ್ನುತ್ತಾನೆ. ಮಾಡಿದ್ದಾಯ್ತು ಅಂದರೆ, "ರೂಟರ್ ಕೂಡ ಮಾಡಿ." ಅದೂ ಆಯ್ತು ಅಂದರೆ, "ಹಾಗಾದ್ರೆ ಬಂದು ನೋಡ್ತೀನಿ." ಅವನು ಬರುವ ಹೊತ್ತಿಗೆ ಝಡ್ ನೆಟ್ಟಗೆ ಬರುತ್ತಿರುತ್ತದೆ. ಅವನ ಗಾಡಿ ಸದ್ದು ಕೇಳಿದರೆ ಅದಕ್ಕೆ ಭಯವೋ ಏನೋ.

ಇಷ್ಟೆಲ್ಲ ಸರಿ ಮಾಡಿದರೂ 20ನೇ ತಾರೀಖಿಗೆ ಮಾತ್ರ ಹೋಗುತ್ತದೆ. "ನೋಡಮ್ಮಾ, ಆ ತಾರೀಖು ಝಡ್‌ಗೆ ಆಗಿಬರಲ್ಲ" ಅಂತ ರಾಯರು ಬಹಳ ದಿನದಿಂದ ಹೇಳುತ್ತಲೇ ಇದ್ದರು. ನಾನು ನಗುತ್ತಿದ್ದೆ. ನಿನ್ನೆ ಸರ್ವರ್‌ಗೆ ಮಾನಿಟರ್ ಹಚ್ಚಿ ನೋಡಿದರೆ ಅದರ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ಮನೆ ನಂಬರ್, 169.254 ಅಂತ ಶುರುವಾಗುತ್ತಿತ್ತು. ರೂಟರ್ ವಿಳಾಸ ಕೊಡದೇ ಹೋದಾಗ ಕಂಪ್ಯೂಟರ್ ತನಗೆ ತಾನೇ ಕೊಟ್ಟುಕೊಳ್ಳುವ ವಿಳಾಸ ಅದು. ಕೇಬಲ್ ಮೇಲೆ ಅನುಮಾನ ಬಂತು. ಮೇಜಿನ ಕೆಳಗೆ ನುಗ್ಗಿದೆ. ಕೇಬಲ್ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದು ಯಾವ ಕಾಲವಾಗಿತ್ತೋ. ಸುಮ್ನೆ ಒಳಗೆ ಕೂತಿತ್ತು, ಹಿಡಿತ ಇರಲಿಲ್ಲ. ಅದರ ಮೇಲೆ ವ್ಯಾಪಾರಿಗಳ ಬಿಲ್ ಚೀಲಗಳು ಒರಗಿದ್ದವು. 20ನೇ ತಾರೀಖಿಗೆ ತಾನೇ ಅಷ್ಟು ಚೀಲ ಬೀಳುವುದು! ಮೇಲೊಂದು ಚೀಲ ಬಿದ್ದರೆ ಕೇಬಲ್ ಕೂದಲೆಳೆಯಷ್ಟು ಹೊರಗೆ ಬರುತ್ತದೆ, ಝಡ್ ಹೋಗುತ್ತದೆ. ಚೀಲ ಖಾಲಿಯಾದರೆ ಯಾರದೋ ಕಾಲು ತಾಗಿ ಒಳಗೆ ಹೋಗುತ್ತದೆ, ಝಡ್ ಬರುತ್ತದೆ. ಮೇಜಿನ ಕೆಳಗಿಂದ ನಾನು ಧೂಳು ಕೊಡವಿಕೊಂಡು ಎದ್ದಾಗ ರಾಯರು ಒಂದೇ ಮಾತು ಹೇಳಿದರು. "ನಾನು ಹೇಳಲಿಲ್ವಾ?"

ಅವರನ್ನು ಆಡಿಕೊಂಡು ಅಭ್ಯಾಸವಾಗಿದೆ, ಆದರೂ ಒಂದು ಮಾತು ಹೇಳಬೇಕು. ರಾಯರು ಈ ಕೆಲಸಕ್ಕೆ ಸೇರಿದಾಗ ಲೆಕ್ಕವೆಲ್ಲ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕದಲ್ಲಿತ್ತು. ಅಂಥ ಕೆಲವು ಪುಸ್ತಕ ಅಟ್ಟದ ಮೇಲೆ ಈಗಲೂ ಇವೆ. ಒಂದನ್ನು ತೆಗೆದು ನೋಡಿದ್ದೇನೆ. ಚಿತ್ತಿಲ್ಲ, ತಿದ್ದಿಲ್ಲ. ಮುತ್ತಿನಂಥ ಅಕ್ಷರ, ಪುಟದ ಕೆಳಗೆ ಒಟ್ಟು ಮೊತ್ತ, ಅದನ್ನು ಮುಂದಿನ ಪುಟದ ಮೇಲೆ ಮತ್ತೆ ಬರೆದಿದ್ದಾರೆ. ಒಬ್ಬರ ಕೈಯಲ್ಲಿ ಪುಸ್ತಕ ಇದ್ದರೆ ಇನ್ನೊಬ್ಬರು ಕಾಯುತ್ತಿದ್ದರಂತೆ. ಆಗ ಅದು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತಿತ್ತು. ಈಗ ಝಡ್ ಎಲ್ಲಿದೆ ಅಂತ ಅವರಿಗೆ ತೋರಿಸಲು ಮೇಜಿನ ಕೆಳಗಿನ ಡಬ್ಬಿ ಬಿಟ್ಟರೆ ನನ್ನ ಹತ್ತಿರ ಬೇರೇನೂ ಇಲ್ಲ. ಅವರಿಗೆ ಅದರ ಮೇಲೆ ನಂಬಿಕೆ ಬರದೇ ಇದ್ದರೆ ಬೈಯುವುದು ಹೇಗೆ?

ನಂಬಿಕೆ ಇಲ್ಲದ್ದಕ್ಕೇ ಅವರು ಎಲ್ಲವನ್ನೂ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಂಡಿದ್ದಾರೆ. 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್'. ನಿನ್ನೆ ಝಡ್ ಹೋಗಿದ್ದಾಗ ಒಬ್ಬರು ಫೋನ್ ಮಾಡಿ ತಮ್ಮ ವಹಿವಾಟಿನ ಮೊತ್ತ ಕೇಳಿದರು. ನಾವೆಲ್ಲ ಮುಖ ಮುಖ ನೋಡಿಕೊಂಡಾಗ ರಾಯರು ಠಪ್ ಅಂತ ಅಂಕಿ ಹೇಳಿದರು. ಆಫೀಸಿಗೆ ಆಫೀಸೇ ಬೆರಗಾಯಿತು. ಝಡ್ ವಾಪಸ್ ಬಂದ ಮೇಲೆ ನೋಡಿದರೆ ಅದು ಹೋದ ವರ್ಷದ್ದು.

ಕೇಬಲ್ ಬದಲಾಯಿಸಿದ್ದೇನೆ. ಇನ್ನು ಆರಾಮ ಅನ್ನುವ ಹಾಗಿಲ್ಲ, ಯಾಕೆಂದರೆ ಹೋದ ತಿಂಗಳು ಸಾಹೇಬರು ಹೊಸ ಲ್ಯಾಪ್‌ಟಾಪ್ ತಂದಿದ್ದಾರೆ. ಅದರಲ್ಲಿ ವಿಂಡೋಸ್ 11 ಪ್ರೋದ 24ಎಚ್2 ಆವೃತ್ತಿ ಇದೆ. ಪಾಸ್‌ವರ್ಡ್ ಇಲ್ಲದೆ 'ಗೆಸ್ಟ್' ಅಂತ ಹೇಳಿಕೊಂಡು ಶೇರ್ಡ್ ಡ್ರೈವ್ ಒಳಗೆ ಹೋಗಲು ಅದು ತಾನಾಗಿ ಬಿಡುವುದಿಲ್ಲ. ಇದು ಒಳ್ಳೆಯದೇ, ಇಷ್ಟು ದಿನ ನಮ್ಮ ಬಾಗಿಲು ತೆರೆದೇ ಇತ್ತು. ಹಾಗಾಗಿ ಸರ್ವರ್‌ಗೆ ಪಾಸ್‌ವರ್ಡ್ ಹಾಕಿದೆ. ಸಾಹೇಬರ ಆಜ್ಞೆಯಂತೆ ಬಲು ಕಷ್ಟದ್ದು. ಎಲ್ಲಿಯೂ ಬರೆದಿಡಬೇಡಿ ಅಂತ ಎಲ್ಲರಿಗೂ ಹೇಳಿದೆ. ರಾಯರು ತಲೆಯಾಡಿಸಿ, ಗೋಡೆ ಕ್ಯಾಲೆಂಡರಿನ ಜೂನ್ ಹಾಳೆಯಲ್ಲಿ, ಏಕಾದಶಿಯ ಮನೆಯೊಳಗೆ ಸಣ್ಣ ಅಕ್ಷರದಲ್ಲಿ ಬರೆದಿಟ್ಟರು.

ಜುಲೈ ಒಂದನೇ ತಾರೀಖು ಆಫೀಸ್ ಹುಡುಗ ಹಾಳೆ ಹರಿಯಲು ಕೈ ಹಾಕಿದಾಗ ರಾಯರು ಕೂಗಿದ ಕೂಗಿಗೆ ಅವನು ಸ್ಟೂಲಿನಿಂದ ಬೀಳುವುದೊಂದು ಬಾಕಿ. ಅದಕ್ಕೇ ನಮ್ಮ ಆಫೀಸಿನಲ್ಲಿ ಇನ್ನೂ ಜೂನ್ ನಡೆಯುತ್ತಿದೆ. ಇವತ್ತು ಬೆಳಿಗ್ಗೆ ಒಬ್ಬರು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ವಿಚಾರಿಸಲು ಬಂದಿದ್ದರು. ಮಾತಾಡುತ್ತಾ ಗೋಡೆ ಕಡೆ ನೋಡಿದವರು, "ಓ, ಇನ್ನೂ ಜೂನ್ ಅಲ್ವಾ, ಬೇಕಾದಷ್ಟು ಟೈಮ್ ಇದೆ ಬಿಡಿ" ಅಂತ ಬ್ಯಾಂಕ್ ಸ್ಟೇಟ್‌ಮೆಂಟ್ ಮಡಚಿ ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು.